ಪರದೇಶದ ಕೋಣೆಯಿಂದ ಜೊತೆಗೆ ಹೊರಡುವ ತಿಗಣೆಗಳು

ಮೂರು ವಾರದ ಪರದೇಶ ವಾಸ. ಹನ್ನೊಂದನೆಯ ಬೆಳಿಗ್ಗೆ ಮುಂಗೈ ಮೇಲೆ ಗೆರೆ ಎಳೆದ ಹಾಗೆ ಸಾಲಾಗಿ ನಾಲ್ಕು ದದ್ದು. ಸೊಳ್ಳೆ ಹೀಗೆ ಸಾಲು ಹಿಡಿದು ಕಡಿಯುವುದಿಲ್ಲ. ಹೊರಗೆ ಎಂಟು ಡಿಗ್ರಿ ಚಳಿ, ಕಿಟಕಿ ಮುಚ್ಚಿದೆ, ಸೊಳ್ಳೆಯಾದರೂ ಎಲ್ಲಿಂದ ಬರಬೇಕು? ತಲೆದೆಸೆಯ ಮೂಲೆಯಲ್ಲಿ ಹಾಸಿಗೆಯ ಹೊದಿಕೆ ಎತ್ತಿದರೆ ಹೊಲಿಗೆಯುದ್ದಕ್ಕೂ ಪೆನ್ನಿನ ಶಾಯಿ ಚಿಮ್ಮಿದಂತೆ ಕಪ್ಪು ಚುಕ್ಕಿಗಳು. ಒದ್ದೆ ಟಿಶ್ಯೂವಿನಿಂದ ಒತ್ತಿದಾಗ ಚುಕ್ಕಿ ಕಂದಾಗಿ ಹರಡಿತು. ಅದು ಜೀರ್ಣವಾದ ರಕ್ತ, ತಿಗಣೆಯ ಹಿಕ್ಕೆ.

ಆ ಕೋಣೆಯಿಂದ ಬಸವನಗುಡಿಯ ಮನೆಯ ಮಂಚದವರೆಗೆ, ಅಲ್ಲಿಂದ ಮುಂದಿನ ಎಂಟು ವಾರದವರೆಗೆ ಏನೇನು ಮಾಡಬೇಕಾಯಿತು, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ, ಏಕೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗುವವರು, ಆಫೀಸಿನ ಕೆಲಸಕ್ಕೆ ಎರಡು ವಾರ ಹೋಗುವವರು, ಬೇಸಿಗೆ ರಜೆಗೆ ಊರೂರು ಸುತ್ತುವವರು ಬೆಂಗಳೂರಿನ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರೆಲ್ಲರಿಗೂ ಈ ವಿವರ ಬೇಕು. ಆದರೆ ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ.

ಹಾಗಾಗಿ ಮೊದಲು ನಾಚಿಕೆಯ ಮಾತು. ತಿಗಣೆಗೆ ಬೇಕಾದದ್ದು ಎರಡೇ: ಮಲಗಿದ ಮನುಷ್ಯನ ರಕ್ತ, ಅವನಿಂದ ಒಂದೆರಡು ಮೀಟರ್ ಒಳಗೆ ಒಂದು ಎಟಿಎಂ ಕಾರ್ಡು ತೂರುವಷ್ಟು ಬಿರುಕು. ಎಂಜಲು, ಕಸ, ಕೊಳೆ ಯಾವುದೂ ಅದಕ್ಕೆ ಬೇಡ. ದುಬಾರಿ ಹೋಟೆಲಿನಲ್ಲೂ ಇರುತ್ತದೆ, ವಿದ್ಯಾರ್ಥಿಗಳ ಹಾಸ್ಟೆಲಿನಲ್ಲೂ ಇರುತ್ತದೆ. ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ 2023ರಲ್ಲಿ ಕೊಟ್ಟ ವರದಿಯ ಪ್ರಕಾರ 2017ರಿಂದ 2022ರ ನಡುವೆ ಆ ದೇಶದ ಶೇ. 11ರಷ್ಟು ಮನೆಗಳಿಗೆ ತಿಗಣೆ ಹೊಕ್ಕಿತ್ತು. ನ್ಯೂಯಾರ್ಕ್ ನಗರದಲ್ಲಿ ಮನೆ ಬಾಡಿಗೆಗೆ ಕೊಡುವವರು ಹಿಂದಿನ ಒಂದು ವರ್ಷದಲ್ಲಿ ಅಲ್ಲಿ ತಿಗಣೆ ಇತ್ತೇ ಎಂಬುದನ್ನು ಬಾಡಿಗೆದಾರರಿಗೆ ಬರೆದುಕೊಡಬೇಕು ಎಂಬ ಕಾನೂನೇ ಇದೆ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿಯ ಹೊಡೆತಕ್ಕೆ ಶ್ರೀಮಂತ ದೇಶಗಳಲ್ಲಿ ಬಹುಪಾಲು ಕಾಣೆಯಾಗಿದ್ದ ಹುಳ ಇದು. ಡಿಡಿಟಿಗೆ ಬಗ್ಗದ ತಿಗಣೆ ಹವಾಯಿ ದ್ವೀಪದ ಪರ್ಲ್ ಹಾರ್ಬರಿನ ಸೈನಿಕರ ವಸತಿಯಲ್ಲಿ 1947ರಲ್ಲೇ ಸಿಕ್ಕಿತ್ತು. 1990ರ ದಶಕದ ಕೊನೆಯಿಂದ, ಜನ ಹೆಚ್ಚು ಪ್ರಯಾಣ ಮಾಡಲು ತೊಡಗಿದಂತೆ, ಸಾಮಾನ್ಯ ಔಷಧಿಗಳಿಗೂ ಬಗ್ಗದ ಹುಳ ಸೂಟ್‌ಕೇಸು ಹತ್ತಿ ಎಲ್ಲ ಕಡೆ ಹಬ್ಬಿತು. ನಿಮ್ಮ ಸೂಟ್‌ಕೇಸಿನಲ್ಲಿ ಸಿಕ್ಕರೆ ಅದು ನಿಮ್ಮ ಮನೆತನದ ಮೇಲಿನ ಮಾತಲ್ಲ.

ಹುಳದ ಗುರುತು ಅಡುಗೆಮನೆಯ ಡಬ್ಬಿಗಳಿಂದಲೇ ಹಿಡಿಯಬಹುದು. ಬೆಳೆದ ತಿಗಣೆ ಅಗಸೆ ಬೀಜದ ಹಾಗೆ, 5ರಿಂದ 7 ಮಿಲಿಮೀಟರ್ ಉದ್ದ, ಕಂದು, ಚಪ್ಪಟೆ. ರಕ್ತ ಕುಡಿದ ಮೇಲೆ ಉಬ್ಬಿ ಉದ್ದವಾಗಿ ಕೆಂಪಾಗುತ್ತದೆ. ಮೊಟ್ಟೆ ಒಂದು ಮಿಲಿಮೀಟರ್, ಬಿಳಿ ಗಸಗಸೆಯಷ್ಟು, ಬಿರುಕಿನೊಳಗೆ ಅಂಟಿಕೊಂಡಿರುತ್ತದೆ. ಆಗ ತಾನೇ ಒಡೆದು ಬಂದ ಮರಿ ಸಣ್ಣ ರವೆಯ ಕಾಳಿನಷ್ಟು, ಬಣ್ಣವೇ ಇಲ್ಲ. ಬಿಳಿ ಹಾಸಿನ ಮೇಲೆ ಕಾಣುವುದೇ ಕಷ್ಟ. ಮೊಟ್ಟೆ ಒಡೆಯಲು 6ರಿಂದ 10 ದಿನ. ಮರಿ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಒಮ್ಮೆಯಾದರೂ ರಕ್ತ ಬೇಕೇ ಬೇಕು. ಬೆಂಗಳೂರಿನ ಮನೆಯೊಳಗಿನ ಹವೆಯಲ್ಲಿ ಮರಿ ಬೆಳೆದ ಹುಳವಾಗಲು ಐದಾರು ವಾರ ಸಾಕು. ಹೆಣ್ಣು ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಗರ್ಭ ಕಟ್ಟಿದ ಒಂದೇ ಹೆಣ್ಣು ಸೂಟ್‌ಕೇಸಿನಲ್ಲಿ ಬಂದರೂ ಮನೆ ತುಂಬಲು ಅಷ್ಟೇ ಸಾಕು. ಈ ಲೆಕ್ಕಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಕೆಲಸವೂ ಇವುಗಳ ಮೇಲೇ ನಿಂತಿದೆ.

ತಿಗಣೆ ಹಾರುವುದಿಲ್ಲ, ನೆಗೆಯುವುದಿಲ್ಲ, ನಡೆದೇ ಬರುತ್ತದೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ ಮತ್ತು ವಾಸನೆ ಹಿಡಿದು ಬಂದು, ಐದು ಹತ್ತು ನಿಮಿಷ ರಕ್ತ ಹೀರಿ, ಬಿರುಕಿಗೆ ಮರಳುತ್ತದೆ. ಕಡಿತದಿಂದ ಮನುಷ್ಯರಿಗೆ ಯಾವ ರೋಗವೂ ಹರಡಿದ್ದು ಸಾಬೀತಾಗಿಲ್ಲ. ತುರಿಕೆ, ನಿದ್ರೆಗೇಡು, ಕೆರೆದುಕೊಂಡು ಆಗುವ ಹುಣ್ಣು, ಇವೇ ತೊಂದರೆ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ: ದದ್ದು ಏಳಲು ಕೆಲವರಿಗೆ 14 ದಿನದವರೆಗೂ ತಡವಾಗುತ್ತದೆ, ಕೆಲವರಿಗೆ ಏಳುವುದೇ ಇಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದು, ಇನ್ನೊಬ್ಬರಿಗೆ ಏನೂ ಇಲ್ಲ ಎಂಬುದು ಸಾಮಾನ್ಯ. ಆದ್ದರಿಂದ ದದ್ದು ನೋಡಿ ಇಂಥ ಕೋಣೆಯಲ್ಲೇ ಕಡಿಯಿತು ಎಂದು ಹೇಳಲಾಗದು. ಹುಳ, ಹಿಕ್ಕೆ, ಪೊರೆ, ಮೊಟ್ಟೆ ಈ ನಾಲ್ಕರಲ್ಲಿ ಒಂದನ್ನು ಕಣ್ಣಾರೆ ಕಂಡರೆ ಮಾತ್ರ ಖಾತ್ರಿ.

ಕೋಣೆಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ತಪಾಸಣೆಗೆ ಹತ್ತು ನಿಮಿಷ ಬೇಕು. ನಾವು ಅದನ್ನು ಮಾಡದೆ ಹತ್ತು ರಾತ್ರಿ ಮಲಗಿದೆವು. ಸೂಟ್‌ಕೇಸು, ಕೈಚೀಲ, ಜಾಕೆಟ್ ಎಲ್ಲವನ್ನೂ ಮೊದಲು ಬಚ್ಚಲಮನೆಯ ಟೈಲ್ಸ್ ಮೇಲೆ ಇಡಬೇಕು. ಅಲ್ಲಿ ಬಿರುಕು ಕಡಿಮೆ, ಮಲಗುವವರೂ ಇಲ್ಲ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಹಾಸಿಗೆಯ ನಾಲ್ಕೂ ಮೂಲೆಯ ಬಟ್ಟೆ ಎಬ್ಬಿಸಿ, ಅಂಚಿನ ಗೋಟಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಕಂಪನಿಯ ಲೇಬಲ್ ಹೊಲಿದ ಜಾಗದ ಹಿಂಬದಿ, ಹಾಸಿಗೆಯ ಕೆಳಗಿನ ಹಲಗೆಯ ಸಂದು, ಪಕ್ಕದ ಮೇಜಿನ ಸ್ಕ್ರೂ ತೂತು, ಸೋಫಾದ ಹೊಲಿಗೆ ಬಿಡಬಾರದು. ಎಲ್ಲಕ್ಕಿಂತ ಮುಖ್ಯ ಮಂಚದ ತಲೆಹಲಗೆ. ಹೋಟೆಲುಗಳಲ್ಲಿ ಅದು ಗೋಡೆಗೆ ನೇತುಹಾಕಿರುತ್ತದೆ, ಸ್ವಚ್ಛ ಮಾಡುವವರು ಅದನ್ನು ತೆಗೆಯುವುದಿಲ್ಲ, ಮಲಗಿದವರ ತಲೆ ಅದರಿಂದ ಒಂದು ಅಡಿ ದೂರ. ಹಳೆಯ ಎಟಿಎಂ ಕಾರ್ಡನ್ನು ಅದರ ಹಿಂದಿನ ಸಂದಿನಲ್ಲಿ ಎಳೆದರೆ ಪೊರೆ, ಮೊಟ್ಟೆ ಕಾರ್ಡಿನ ತುದಿಗೆ ಬರುತ್ತವೆ.

ಏನೂ ಸಿಗದಿದ್ದರೂ ಸೂಟ್‌ಕೇಸನ್ನು ಹಾಸಿಗೆಯ ಮೇಲೆ ಇಡಬೇಡಿ. ಲೋಹದ ಸ್ಟ್ಯಾಂಡಿನ ಮೇಲೆ, ಗೋಡೆಗೆ ತಾಗದಂತೆ, ಜಿಪ್ ಹಾಕಿಯೇ ಇಡಿ. ಉಟ್ಟು ಬಿಟ್ಟ ಬಟ್ಟೆಯನ್ನು ನೆಲದ ಮೇಲೆ ಗುಡ್ಡೆ ಹಾಕುವ ಅಭ್ಯಾಸವೇ ದೊಡ್ಡ ತಪ್ಪು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗಿದವರು ಇಲ್ಲದ ಕೋಣೆಯಲ್ಲಿ ತಿಗಣೆಗಳು ಒಗೆದ ಬಟ್ಟೆಗಿಂತ ಉಟ್ಟ ಬಟ್ಟೆಯ ಚೀಲದ ಮೇಲೆ ಎರಡು ಪಟ್ಟು ಸೇರಿದ್ದವು. ಅದೇ ಬಟ್ಟೆಯನ್ನು ನಾವು ಮಡಿಚಿ ಮನೆಗೆ ತರುತ್ತೇವೆ. ಉಟ್ಟ ಬಟ್ಟೆಗೆ ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲವೇ ಸರಿ.

ತಿಗಣೆ ಸಿಕ್ಕಿತು ಎನ್ನಿ. ಮೊದಲು ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಟ್ಟು. ಹುಳ ಸಿಕ್ಕರೆ ಪಾರದರ್ಶಕ ಟೇಪಿಗೆ ಅಂಟಿಸಿ ಇಟ್ಟುಕೊಳ್ಳಿ. ಆಮೇಲೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಬೇರೆ ಕೋಣೆ ಕೇಳುವಾಗ ಪಕ್ಕದ ಕೋಣೆ, ನೇರ ಮೇಲಿನದು, ನೇರ ಕೆಳಗಿನದು ಬೇಡ ಎಂದು ಬಿಡಿಸಿ ಹೇಳಿ, ಏಕೆಂದರೆ ತಿಗಣೆ ಗೋಡೆಯೊಳಗಿನ ವೈರು, ಪೈಪುಗಳ ಸಂದಿನಲ್ಲಿ ದಾಟುತ್ತದೆ. ನಮಗೆ ಸಿಕ್ಕ ಉತ್ತರ "ಇದಕ್ಕೆ ಮುಂಚೆ ಯಾರೂ ದೂರು ಹೇಳಿಲ್ಲ" ಎಂಬುದು. ದೂರು ಹೇಳದೇ ಹೋದವರ ಸೂಟ್‌ಕೇಸುಗಳು ಈಗ ಯಾವ ಯಾವ ಊರಿನಲ್ಲಿವೆಯೋ.

ಆ ದೇಶಗಳಲ್ಲಿ ಒಂದು ಅನುಕೂಲವಿದೆ, ಅದನ್ನು ಬಿಟ್ಟು ಬರಬಾರದು: ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ, ಅಲ್ಲಿನ ದೊಡ್ಡ ಡ್ರೈಯರ್. ಊರಿಗೆ ಹೊರಡುವ ಹಿಂದಿನ ದಿನ ಅರ್ಧ ದಿನ ಅಲ್ಲಿಯೇ ಕಳೆಯಿರಿ. ಎಲ್ಲರೂ ಮಾಡುವ ತಪ್ಪು ಮೊದಲು ಒಗೆಯುವುದು. ಒದ್ದೆ ಬಟ್ಟೆ ಹಾಕಿದರೆ ಡ್ರೈಯರಿನ ಬಿಸಿಯೆಲ್ಲ ನೀರು ಆರಿಸಲು ಖರ್ಚಾಗುತ್ತದೆ, ಬಟ್ಟೆ ಬೇಕಾದ ಶಾಖಕ್ಕೆ ಏರುವುದು ತಡ. ಒಣ ಬಟ್ಟೆಯನ್ನೇ ನೇರ ಹೆಚ್ಚಿನ ಬಿಸಿಗೆ ಹಾಕಿ ಕನಿಷ್ಠ 30 ನಿಮಿಷ ತಿರುಗಿಸಿ. ಡ್ರಮ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ತುಂಬಿದರೆ ನಡುವಿನ ಬಟ್ಟೆಗೆ ಬಿಸಿ ತಾಗದು. ಶೂ, ಬೆನ್ನಿನ ಬಟ್ಟೆ ಚೀಲ, ಉಣ್ಣೆ ಟೋಪಿಗಳನ್ನೂ ಹಾಕಬಹುದು, ಒಳಗಿನ ಲೇಬಲ್ ಒಪ್ಪಿದರೆ. ಹೊರಬಂದ ಬಿಸಿ ಬಟ್ಟೆಯನ್ನು ಹೊಸ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ತಂದ ಚೀಲವನ್ನು ಮತ್ತೆ ಬಳಸಿದರೆ ಮಾಡಿದ್ದೆಲ್ಲ ವ್ಯರ್ಥ. ಅದನ್ನು ಅಲ್ಲೇ ಕಸಕ್ಕೆ ಹಾಕಿ. ಆ ಕಟ್ಟಿದ ಚೀಲಗಳನ್ನೇ ಸೂಟ್‌ಕೇಸಿಗೆ ಇಟ್ಟು, ಮನೆಗೆ ಬರುವ ತನಕ ಬಿಚ್ಚಬೇಡಿ.

ಬೆಂಗಳೂರಿಗೆ ಇಳಿದ ಮೇಲೆ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಮುಖ್ಯ. ಮೊಮ್ಮಕ್ಕಳಿಗೆ ಚಾಕೊಲೇಟ್ ತೆಗೆಯಲು ಸೂಟ್‌ಕೇಸನ್ನು ಹಾಲಿನ ದಿವಾನಿನ ಮೇಲೆಯೇ ಬಿಚ್ಚುವುದು ನಮ್ಮೆಲ್ಲರ ಮನೆಯ ಪದ್ಧತಿ, ತಿಗಣೆ ಮನೆ ಸೇರುವುದೂ ಆಗಲೇ. ಚಾಕೊಲೇಟನ್ನು ಬೇರೆ ಕವರಿನಲ್ಲಿ ಕೈಚೀಲದ ಮೇಲುಗಡೆ ಇಟ್ಟುಕೊಂಡು ಬನ್ನಿ. ಸೂಟ್‌ಕೇಸು ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಉಳಿಯಲಿ. ಹೊರಡುವ ಮುಂಚೆಯೇ ಮನೆಯವರಿಗೆ ಫೋನ್ ಮಾಡಿ ದೊಡ್ಡ ಕಪ್ಪು ಕಸದ ಚೀಲ, ಅಗಲ ಟೇಪು, ಬಕೆಟ್, ಒಂದು ಜೊತೆ ಒಗೆದ ಬಟ್ಟೆ ಇಡಿಸಿ. ಪ್ರಯಾಣದ ಬಟ್ಟೆಯನ್ನು ಬಚ್ಚಲಲ್ಲೇ ತೆಗೆದು ಚೀಲಕ್ಕೆ ಹಾಕಿ, ತಲೆಗೆ ನೀರು ಹಾಕಿಕೊಂಡು ಹೊರಬನ್ನಿ. ತಿಗಣೆ ಹೇನಿನ ಹಾಗೆ ಮೈಮೇಲೆ ಉಳಿಯುವುದಿಲ್ಲ, ಆದರೆ ಪ್ಯಾಂಟಿನ ಮಡಿಕೆಯಲ್ಲಿ ಕುಳಿತಿರಬಹುದು.

ಈಗ ಬಿಸಿ ಮತ್ತು ತಣ್ಣನೆಯ ಲೆಕ್ಕ. 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಇಟ್ಟರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. 55 ದಾಟಿದರೆ ಸಾವು ಬಹುತೇಕ ತಕ್ಷಣ. 45ರಲ್ಲಿ ಹುಳ ಒಂದೂವರೆ ಗಂಟೆಗೆ ಸತ್ತರೂ ಮೊಟ್ಟೆ ಏಳು ಗಂಟೆಯವರೆಗೆ ತಡೆದುಕೊಳ್ಳುತ್ತದೆ. ಎಲ್ಲರೂ ಸೋಲುವುದು ಈ ಮೂರು ಡಿಗ್ರಿಯ ಅಂತರದಲ್ಲಿ. ತಣ್ಣಗೆಂದರೆ ಮೈನಸ್ 18 ಡಿಗ್ರಿ, ನಾಲ್ಕು ದಿನ.

ನಮ್ಮ ಹಿರಿಯರು ಮಂಚವನ್ನು ಅಂಗಳಕ್ಕೆ ತಂದು ಸಂದುಗಳಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗೆ ಇಡುತ್ತಿದ್ದರು. ಕುದಿಯುವ ನೀರು ಪೂರಾ ಸರಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ತಿಗಣೆಗೆ ಅದು ಬೇಕಾದ್ದಕ್ಕಿಂತ ಹೆಚ್ಚು. ಬಿಸಿಲಿನ ಮಾತು ಮಾತ್ರ ಊರನ್ನು ನೋಡಿ ಹೇಳಬೇಕು. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲು ಬೇರೆ, ಬೆಂಗಳೂರಿನದು ಬೇರೆ. ಇಲ್ಲಿ 2016ರ ಏಪ್ರಿಲ್‌ನ ದಾಖಲೆಯ ದಿನವೂ ಗಾಳಿಯ ಉಷ್ಣಾಂಶ 39.2 ಡಿಗ್ರಿ. ಕಪ್ಪು ಚೀಲದಲ್ಲಿ ಕಟ್ಟಿ ತಾರಸಿಯ ಮೇಲಿಟ್ಟರೆ ಮೇಲ್ಪದರ ಕೈ ಸುಡುತ್ತದೆ ನಿಜ. ಅದೇ ಹೊತ್ತಿಗೆ ನಡುವೆ ಕೈ ಹಾಕಿದರೆ ಬಟ್ಟೆ ಬೆಚ್ಚಗಷ್ಟೇ ಇರುತ್ತದೆ. ಹುಳ ಬಿಸಿ ಕಡೆಯಿಂದ ತಣ್ಣಗಿರುವ ಕಡೆಗೆ ನಡೆಯುತ್ತದೆ. ಜೂನ್ ಬಂದ ಮೇಲಂತೂ ಮೋಡ. ಹಾಸಿಗೆಯನ್ನು ಬಿಸಿಲಿಗೆ ಹಾಕುವುದರಿಂದ ವಾಸನೆ ಹೋಗುತ್ತದೆ, ತೇವ ಹೋಗುತ್ತದೆ, ತಿಗಣೆ ಹೋಗುವುದಿಲ್ಲ.

ಬಟ್ಟೆಗೆ ನಾವು ನಂಬಿದ್ದು ಬಿಸಿನೀರು. ಮುಂಬಾಗಿಲಿನ ವಾಷಿಂಗ್ ಮೆಷಿನ್ ಇದ್ದರೆ ಹತ್ತಿ ಬಟ್ಟೆಯ 60 ಡಿಗ್ರಿಯ ಪ್ರೋಗ್ರಾಂ ಸಾಕು. ಹೀಟರ್ ಇಲ್ಲದ ಮೇಲ್ಬಾಗಿಲಿನ ಮೆಷಿನ್ ಆದರೆ ಬಕೆಟ್ಟೇ ಗತಿ. ನಮ್ಮ ತಾರಸಿಯ ಸೋಲಾರ್ ಹೀಟರ್ ಈ ಕೆಲಸಕ್ಕೆ ಒದಗಿತು, ಆದರೆ ಒಳ್ಳೆಯ ಬಿಸಿಲಿನ ದಿನದ ಮಧ್ಯಾಹ್ನದ ನೀರೇ ಆಗಬೇಕು. ನೀರಿಗೆ ಇಳಿಬಿಡುವ ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಳ್ಳಿ, ಕೈ ಅಂದಾಜು ನಂಬಬೇಡಿ: 45 ಡಿಗ್ರಿಯ ನೀರೇ ಕೈಗೆ ಸುಡುವ ಹಾಗೆ ಅನ್ನಿಸುತ್ತದೆ. 20 ಲೀಟರ್ ಬಕೆಟ್ಟಿನಲ್ಲಿ 65 ಡಿಗ್ರಿಯ ನೀರು, ಸೋಪಿನ ಪುಡಿ, ನಾಲ್ಕೈದೇ ಬಟ್ಟೆ. ಬಟ್ಟೆ ಗಾಳಿ ತುಂಬಿಕೊಂಡು ತೇಲುತ್ತದೆ, ತೇಲಿದ ಭಾಗದಲ್ಲಿ ಮೊಟ್ಟೆ ಬದುಕುತ್ತದೆ, ಆದ್ದರಿಂದ ಕೋಲಿನಿಂದ ಅದುಮಿ ಮುಳುಗಿಸಿ ಮುಚ್ಚಳ ಹಾಕಿ. ಅರ್ಧ ಗಂಟೆಯ ನಡುವೆ ಒಮ್ಮೆ ಅಳೆದು, 55ಕ್ಕಿಂತ ಇಳಿಯುವ ಹಾಗಿದ್ದರೆ ಕುದಿಯುವ ನೀರು ಸೇರಿಸಿ. ಮಕ್ಕಳಿರುವ ಮನೆಯಲ್ಲಿ ಆ ಅರ್ಧ ಗಂಟೆ ಬಚ್ಚಲ ಬಾಗಿಲಿಗೆ ಚಿಲಕ ಹಾಕಿ.

ರೇಷ್ಮೆ ಸೀರೆ, ಉಣ್ಣೆ ಶಾಲು, ಪುಸ್ತಕಗಳಿಗೆ ಬಿಸಿನೀರು ಆಗದು, ಅವಕ್ಕೆ ಫ್ರೀಜರ್. ಒಂದು ಬಾಗಿಲಿನ ಹಳೆಯ ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆ ಮೈನಸ್ 18ಕ್ಕೆ ಇಳಿಯುತ್ತದೆ ಎಂಬ ಭರವಸೆ ಇಲ್ಲ, ದಿನಕ್ಕೆ ಹತ್ತು ಸಲ ಬಾಗಿಲು ತೆಗೆದರೆ ಇನ್ನೂ ಕಷ್ಟ. ಥರ್ಮಾಮೀಟರ್ ಒಳಗಿಟ್ಟು ನೋಡಿ. ಜಿಪ್‌ಲಾಕ್ ಕವರಿನಲ್ಲಿ ಗಾಳಿ ಹಿಂಡಿ, ಒಂದೆರಡು ಕಿಲೋ ಮೀರದ ಕಟ್ಟುಗಳನ್ನಾಗಿ ಇಡಿ. ದಪ್ಪ ಕಟ್ಟಿನ ನಡುಭಾಗ ತಣ್ಣಗಾಗಲು ಒಂದು ದಿನ ಹಿಡಿಯಬಹುದು, ನಾಲ್ಕು ದಿನದ ಲೆಕ್ಕ ಅಲ್ಲಿಂದ ಶುರು. ಹೊರತೆಗೆದ ಕೂಡಲೇ ಕವರ್ ಬಿಚ್ಚಿದರೆ ಗಾಳಿಯ ತೇವ ರೇಷ್ಮೆಯ ಮೇಲೆ ನೀರಾಗಿ ಕೂರುತ್ತದೆ, ಜರಿ ಕಪ್ಪಾಗುತ್ತದೆ. ಕವರಿನೊಳಗೇ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆಯಿರಿ. ಲ್ಯಾಪ್‌ಟಾಪ್, ಕ್ಯಾಮೆರಾಗಳಿಗೆ ಬಿಸಿಯೂ ಬೇಡ, ಫ್ರೀಜರೂ ಬೇಡ. ಅವನ್ನು ಹಾಸಿಗೆಯಿಂದ ದೂರ, ಬಿಳಿ ಕಾಗದದ ಮೇಲೆ ಇಟ್ಟು ದಿನವೂ ಕಪ್ಪು ಚುಕ್ಕಿ ಬಿದ್ದಿದೆಯೇ ನೋಡುತ್ತಿರಬೇಕು.

ಸೂಟ್‌ಕೇಸನ್ನು ಎಲ್ಲರೂ ಒರೆಸಿ ಅಟ್ಟಕ್ಕೆ ಹಾಕುತ್ತಾರೆ. ಅದರ ಒಳ ಅಸ್ತರಿಗೆ ಒಂದು ಜಿಪ್ ಇರುತ್ತದೆ, ಅದನ್ನು ತೆರೆದರೆ ಹಿಡಿಕೆಯ ಕಂಬಿಗಳು ಓಡುವ ಕೊಳವೆ ಕಾಣುತ್ತದೆ. ಹುಳಕ್ಕೆ ಅದಕ್ಕಿಂತ ಒಳ್ಳೆಯ ಕತ್ತಲೆ ಬೇರೆ ಇಲ್ಲ. ವ್ಯಾಕ್ಯೂಮ್ ಕ್ಲೀನರಿನ ಚಪ್ಪಟೆ ಮೂತಿಯಿಂದ ಜಿಪ್ಪಿನ ಹಲ್ಲು, ಗಾಲಿಯ ಗೂಡು, ಮೂಲೆಯ ಗೋಟು, ಈ ಕೊಳವೆ ಎಲ್ಲವನ್ನೂ ಎಳೆಯಬೇಕು. ಮೂತಿಗೆ ತೆಳುವಾದ ಕಾಲುಚೀಲ ಕಟ್ಟಿಕೊಂಡರೆ ಹುಳ ಯಂತ್ರದೊಳಗೆ ಹೋಗದೆ ಕಾಲುಚೀಲದಲ್ಲೇ ಸಿಗುತ್ತದೆ. ಗಂಟು ಹಾಕಿ ಬಿಸಿನೀರಿಗೆ ಹಾಕಿದರಾಯಿತು. ಮೊಟ್ಟೆ ಅಂಟಿಕೊಂಡಿರುವುದರಿಂದ ವ್ಯಾಕ್ಯೂಮಿಗೆ ಬರುವುದಿಲ್ಲ, ಅದಕ್ಕೆ ಹಬೆ. ಸ್ಟೀಮ್ ಇಸ್ತ್ರಿಪೆಟ್ಟಿಗೆಯಾದರೂ ಸರಿ, ಹೊಲಿಗೆಯ ಮೇಲೆ ಒಂದು ಅಡಿ ಉದ್ದಕ್ಕೆ 10ರಿಂದ 15 ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಸಾಗಬೇಕು. ಕೂದಲು ಆರಿಸುವ ಡ್ರೈಯರ್ ಬೇಡ, ಅದರ ಗಾಳಿಗೆ ಹುಳ ಸಾಯುವ ಮೊದಲೇ ಹಾರಿ ಇನ್ನೊಂದು ಮೂಲೆ ಸೇರುತ್ತದೆ. ಕೊನೆಗೆ ಸೂಟ್‌ಕೇಸನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೇಪು ಸುತ್ತಿ. ಆಹಾರವಿಲ್ಲದೆ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ, ತಣ್ಣನೆಯ ಜಾಗದಲ್ಲಿ ವರ್ಷದ ಹತ್ತಿರ. ಹದಿನೈದು ದಿನ ಕಟ್ಟಿಟ್ಟರೆ ಸಾಯುತ್ತದೆ ಎಂಬ ಮಾತನ್ನು ನಂಬಬೇಡಿ.

ಇಷ್ಟೆಲ್ಲ ಆದ ಮೇಲೆ ಎಂಟು ವಾರದ ಕಾವಲು. ಎಂಟೇ ಏಕೆ? ಕಣ್ತಪ್ಪಿದ ಒಂದು ಮೊಟ್ಟೆ ಒಡೆಯಲು ಹತ್ತು ದಿನ, ಅದು ಬೆಳೆಯಲು ಐದಾರು ವಾರ. ಎಂಟನೆಯ ವಾರದ ಹೊತ್ತಿಗೆ ಅದು ಕಣ್ಣಿಗೆ ಕಾಣುವ ಗಾತ್ರದ ಹುಳವಾಗಿ, ಹಲವು ಸಲ ಕಡಿದು, ಹಿಕ್ಕೆಯ ಗುರುತು ಬಿಟ್ಟಿರಲೇಬೇಕು. ಈ ಲೆಕ್ಕ ನಡೆಯಬೇಕಾದರೆ ಆ ಮಂಚದ ಮೇಲೆ ದಿನವೂ ಯಾರಾದರೂ ಮಲಗಿರಬೇಕು. ಹೆದರಿ ಹಾಲಿನಲ್ಲಿ ಚಾಪೆ ಹಾಸಿಕೊಂಡರೆ ಹುಳ ಒಂದೋ ನಿಮ್ಮ ಉಸಿರು ಹಿಡಿದು ಹಾಲಿಗೆ ಬರುತ್ತದೆ, ಇಲ್ಲವೇ ಬಿರುಕಿನಲ್ಲಿ ಸುಮ್ಮನೆ ಕಾಯುತ್ತದೆ. ಎರಡೂ ಕೆಟ್ಟದ್ದೇ.

ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಹೊದಿಕೆ ನೆಲಕ್ಕೆ ತಾಗದಂತೆ ಸಿಕ್ಕಿಸಿ, ಬಿಳಿಯ ಹಾಸು ಹಾಸಿ. ಸೊಳ್ಳೆಪರದೆಯ ಹೊಲಿಗೆಯೂ ಅಡಗುದಾಣವೇ, ಅದನ್ನೂ ಬಿಸಿನೀರಿಗೆ ಹಾಕಿ ತೆಗೆಯಿರಿ. ಹತ್ತಿ ಹಾಸಿಗೆಯಾದರೆ ದಾರ ಎಳೆದು ಕಟ್ಟಿದ ಗುಳಿಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಈಗಿನ ಬಾಕ್ಸ್ ಮಂಚಗಳೇ ಎಲ್ಲಕ್ಕಿಂತ ಕಷ್ಟ. ಕಾಲುಗಳಿಲ್ಲ, ಹೊಟ್ಟೆಯೊಳಗೆ ಹಳೆಯ ರಜಾಯಿ, ದಿಂಬು, ಪ್ಲೈವುಡ್ಡಿನ ನೂರು ಸಂದು. ಒಳಗಿನದನ್ನೆಲ್ಲ ಹೊರತೆಗೆಯದೆ ತಪಾಸಣೆ ಆಗುವುದೇ ಇಲ್ಲ.

ಕಾಲುಗಳಿರುವ ಮಂಚಕ್ಕೆ ಬಲೆ ಇಡಬಹುದು: ಕಾಲಿನ ಕೆಳಗೆ ನೇರ ಗೋಡೆಯ ಪ್ಲಾಸ್ಟಿಕ್ ಬಟ್ಟಲು, ಹೊರಮೈಗೆ ಹುಳ ಹತ್ತಲು ಒರಟು ಕಾಗದದ ಟೇಪು, ಒಳಮೈ ನುಣುಪು. ಒಳಗೆ ಬಿದ್ದ ಹುಳ ಮತ್ತೆ ಹತ್ತಲಾರದು ಎಂಬುದು ಇದರ ಲೆಕ್ಕ. ಇಲ್ಲೊಂದು ತೊಡಕಿದೆ. ಚಳಿ ದೇಶಗಳಲ್ಲಿ ಹೆಚ್ಚಾಗಿ ಇರುವುದು ಸೈಮೆಕ್ಸ್ ಲೆಕ್ಟುಲೇರಿಯಸ್ ಎಂಬ ಜಾತಿ. ಅದು ನುಣುಪು ಗೋಡೆ ಹತ್ತಲಾರದು. ನಮ್ಮ ನಾಡಿನಂಥ ಉಷ್ಣವಲಯದ ಸೈಮೆಕ್ಸ್ ಹೆಮಿಪ್ಟೆರಸ್‌ನ ಕಾಲಿನ ಅಂಟುಮೆತ್ತೆ ಹೆಚ್ಚು ಬಲವಾದದ್ದು, ಅದು ನುಣುಪು ಪ್ಲಾಸ್ಟಿಕ್ಕನ್ನೂ ಹತ್ತಿ ಪಾರಾಗುತ್ತದೆ. ಬಟ್ಟಲಿನ ಒಳಗೋಡೆಗೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿದರೆ ಹಿಡಿತ ತಪ್ಪುತ್ತದೆ, ಒಂದೆರಡು ದಿನಕ್ಕೊಮ್ಮೆ ಮತ್ತೆ ಸವರಬೇಕು. ಬಟ್ಟಲು ಖಾಲಿ ಇದೆ ಎಂದ ಮಾತ್ರಕ್ಕೆ ಮನೆ ಖಾಲಿ ಎಂದುಕೊಳ್ಳಬೇಡಿ. ಭಾನುವಾರಕ್ಕೊಮ್ಮೆ ಟಾರ್ಚ್ ಹಿಡಿದು ಹೊಲಿಗೆ ನೋಡುವುದನ್ನು ಬಿಡಬೇಡಿ.

ಔಷಧಿಯ ಮಾತು. ಕಿರಾಣಿ ಅಂಗಡಿಯ ಸ್ಪ್ರೇ ಡಬ್ಬಿಗಳಲ್ಲಿ ಇರುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ. ಜಗತ್ತಿನ ಬಹಳ ಕಡೆ ತಿಗಣೆಗಳು ಅದಕ್ಕೆ ಬಗ್ಗುವುದಿಲ್ಲ. ಹೊಡೆದರೆ ಕೆಲವು ಸಾಯುತ್ತವೆ, ಉಳಿದವು ಚದುರಿ ಪಕ್ಕದ ಕೋಣೆ ಸೇರುತ್ತವೆ, ಒಂದು ಕೋಣೆಯ ಕಷ್ಟ ಮೂರು ಕೋಣೆಗೆ ಹಬ್ಬುತ್ತದೆ. ನುಸಿಗುಳಿಗೆ, ಕರ್ಪೂರ, ಬೇವಿನ ಎಲೆ ಮಂಚದ ಕೆಳಗಿಟ್ಟು ತಿಗಣೆ ಹೋದದ್ದನ್ನು ನಾನು ಕಂಡಿಲ್ಲ. ಸೀಮೆಎಣ್ಣೆ ತಾಗಿದ ಹುಳ ಸಾಯುತ್ತದೆ, ಆದರೆ ಹಾಸಿಗೆಗೆ ಬೆಂಕಿಯ ಅಪಾಯ ಕಟ್ಟಿಟ್ಟದ್ದು.

ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಕಾಳು ಕೆಡದಂತೆ ಉಗ್ರಾಣದಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತಿಗಣೆಗೆಂದು ಮನೆಯೊಳಗೆ ಇಡಬೇಡಿ, ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಗಾಳಿಯ ತೇವ ತಾಗಿದ ಕೂಡಲೇ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಬಾಗಿಲ ಕೆಳಗಿನ ಸಂದಿನಿಂದ, ವೈರಿನ ಪೈಪಿನಿಂದ ಪಕ್ಕದ ಮನೆಗೂ ಹರಿಯುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ಅದನ್ನು ಸಾಮಾನ್ಯ ಜನರಿಗೆ ಮಾರುವಂತಿಲ್ಲ ಎಂಬ ನಿಯಮವಿದ್ದರೂ ಕೈಯಿಂದ ಕೈಗೆ ಸಿಗುತ್ತದೆ. ತಿಗಣೆಗೆ ಹಾಕಿದ ವಿಷದ ಗಾಳಿ ಕುಡಿದು ಬೆಂಗಳೂರಿನಲ್ಲೇ ಜೀವಗಳು ಹೋಗಿವೆ. ತಿಗಣೆಯ ಕಡಿತ ಅಷ್ಟು ಅಪಾಯದ್ದಲ್ಲ.

ಕಾವಲಿನಲ್ಲಿ ಹುಳ ಸಿಕ್ಕರೆ, ಅಥವಾ ಒಂದಕ್ಕಿಂತ ಹೆಚ್ಚು ಕೋಣೆಯಲ್ಲಿ ಗುರುತು ಕಂಡರೆ, ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಕರೆಯಿರಿ. 1968ರ ಕೀಟನಾಶಕ ಕಾಯ್ದೆಯ ಅಡಿಯ ಪರವಾನಗಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಯಾವ ಔಷಧಿ, ಎಷ್ಟು ಹೊತ್ತು ಹೊರಗಿರಬೇಕು, ಎಷ್ಟು ಸಲ ಬರುತ್ತೀರಿ ಎಂದು ಮೊದಲೇ ಬರೆಸಿಕೊಳ್ಳಿ. ಒಂದೇ ಸಲಕ್ಕೆ ಮುಗಿಸುತ್ತೇವೆ ಎನ್ನುವವರನ್ನು ಬಿಡಿ: ಬಹಳಷ್ಟು ಔಷಧಿಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಒಡೆದ ಮರಿಗಳಿಗಾಗಿ ಎರಡು ವಾರದ ಮೇಲೆ ಮತ್ತೆ ಬರಲೇಬೇಕು, ಕೆಲವೊಮ್ಮೆ ಮೂರನೆಯ ಸಲವೂ.

ಉಳಿದದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಹೇಳುವುದು. ಬೀದಿ ಮೂಲೆಯ ಇಸ್ತ್ರಿಯವರಿಗೆ ಆ ಎಂಟು ವಾರ ಬಟ್ಟೆ ಕೊಡಬಾರದು. ಅವರ ಗಾಡಿಯ ಮೇಲೆ ಇಡೀ ಬೀದಿಯ ಬಟ್ಟೆ ಒಂದೇ ರಾಶಿಯಲ್ಲಿ ಇರುತ್ತದೆ. ಕೊಡದಿರುವುದಕ್ಕೆ ಕಾರಣವನ್ನೂ ಹೇಳಿ, ಇಲ್ಲದಿದ್ದರೆ ಬೇರೆ ಕಡೆ ಕೊಡುತ್ತಿದ್ದಾರೆ ಎಂದು ನೊಂದುಕೊಳ್ಳುತ್ತಾರೆ. ಪಕ್ಕದ ಮನೆಯವರಿಗೆ, ಅಪಾರ್ಟ್‌ಮೆಂಟಾದರೆ ಮೇಲಿನವರಿಗೂ ಕೆಳಗಿನವರಿಗೂ ತಿಳಿಸಿ. ಮನೆಗೆಲಸಕ್ಕೆ ಬರುವವರಿಗೆ ಮೊದಲ ದಿನವೇ ತಿಳಿಸಬೇಕು. ಅವರು ದಿನಕ್ಕೆ ನಾಲ್ಕು ಮನೆ ಹೊಕ್ಕು ಸಂಜೆ ತಮ್ಮ ಮಕ್ಕಳ ಬಳಿಗೆ ಹೋಗುವವರು. ನಮ್ಮ ಪ್ರವಾಸದ ಹುಳ ಅವರ ಒಂದು ಕೋಣೆಯ ಮನೆ ಸೇರಿದರೆ ಅವರಲ್ಲಿ ಡ್ರೈಯರೂ ಇಲ್ಲ, ಸೋಲಾರೂ ಇಲ್ಲ.

"ಅಕ್ಕಾ, ಒಳಗಿನ ರೂಮಿಗೆ ಎರಡು ತಿಂಗಳು ಬರಬೇಡಿ, ನಾವೇ ಗುಡಿಸ್ಕೋತೀವಿ. ಹೋಗಿದ್ದ ಊರಿಂದ ತಿಗಣೆ ಬಂದಿರಬಹುದು ಅಂತ ಅನುಮಾನ."

"ಅಯ್ಯೋ, ಅದಕ್ಯಾಕಮ್ಮ ಅಷ್ಟು ಮೆತ್ತಗೆ ಹೇಳ್ತೀರಾ? ನಮ್ಮೂರಲ್ಲಿ ಎಲ್ಲರ ಮನೇಲೂ ಇತ್ತು. ಕೆಟಲ್ ಕೊಡಿ, ಮಂಚದ ಸಂದಿಗೆ ನೀರು ನಾನು ಹುಯ್ತೀನಿ, ನಿಮಗೆ ಬರಲ್ಲ."

ಸಂದಿಗೆ ನೀರು ಹೊಯ್ಯುವುದರಲ್ಲೂ ಒಂದು ಕೈಚಳಕವಿದೆ. ಕೆಟಲಿನ ಮೂತಿಯನ್ನು ಮರಕ್ಕೆ ತಾಗಿಸಿ, ಮೇಲಿನ ಸಂದಿನಿಂದ ಕೆಳಕ್ಕೆ, ದಾರದಂತೆ ಸಣ್ಣಗೆ ಬಿಡಬೇಕು. ಎತ್ತರದಿಂದ ಸುರಿದರೆ ನೀರು ಸಂದಿಗೆ ಇಳಿಯುವ ಮುಂಚೆಯೇ ಆರುತ್ತದೆ, ಹುಳವೂ ತೊಳೆದುಕೊಂಡು ನೆಲಕ್ಕೆ ಬಿದ್ದು ಓಡುತ್ತದೆ. ಕೆಳಗೆ ಸೋಪಿನ ನೀರಿನ ತಟ್ಟೆ ಇಟ್ಟಿರಬೇಕು. ತೇಗದ ಮಂಚಕ್ಕೆ ಇದು ಸರಿ, ಪ್ಲೈವುಡ್ಡಿಗೆ ಬೇಡ, ಉಬ್ಬುತ್ತದೆ; ಅದಕ್ಕೆ ಹಬೆ ಮಾತ್ರ.

ಬೆಂಗಳೂರಿನಲ್ಲಿ ದೊಡ್ಡ ಸೂಟ್‌ಕೇಸು ಒಂದು ಮನೆಯ ಸ್ವತ್ತಲ್ಲ, ಅಮೆರಿಕಕ್ಕೆ ಹೊರಟ ನೆಂಟರ ಮನೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ನಮ್ಮದರ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಯಾವ ಊರಿನಿಂದ ಬಂತು, ಯಾವ ದಿನ ಹಬೆ ಕೊಟ್ಟದ್ದು, ಕಾವಲು ಮುಗಿದ ತಾರೀಕು, ಮತ್ತು ಹಿಡಿಕೆಯ ಕೊಳವೆಯನ್ನು ಟಾರ್ಚ್ ಹಾಕಿ ಇನ್ನೊಮ್ಮೆ ನೋಡಿಕೊಳ್ಳಿ ಎಂಬ ಒಂದು ಸಾಲು. ಕೇಳಿಕೊಂಡು ಬಂದವರಿಗೆ ಸೂಟ್‌ಕೇಸಿನ ಜೊತೆ ಆ ಚೀಟಿಯೂ ಹೋಗುತ್ತದೆ.